ಕಾನ್ಸುಲ್ ಇಲ್ಲದೆ, ಡಿಎನ್‌ಎಸ್ ಒಂದರಲ್ಲೇ ಕ್ಲಸ್ಟರ್ ನಡೆಸಿದ್ದು

ಮಲ್ಪೆಯ ಮೀನು ವ್ಯಾಪಾರಿಗಳಿಗೆ ನಾವು ಮಾಡಿಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವುದು ಉಡುಪಿ ಆಫೀಸಿನ ಮೂರು ಹಳೇ ಮಷೀನ್‌ಗಳಲ್ಲಿ, ಡಾಕರ್ ಸ್ವಾರ್ಮ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ಹಲವು ಮಷೀನ್‌ಗಳಿಗೆ ಹಂಚಿ ಓಡಿಸುವ ವ್ಯವಸ್ಥೆ) ಮೇಲೆ. ಒಂದು ಸರ್ವಿಸ್ ಇನ್ನೊಂದನ್ನು ಹುಡುಕಲು, ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸಾಕು ಅಂದರೆ ಮಂಗಳೂರಿನ ಗೆಳೆಯರು ಒಪ್ಪಲಿಲ್ಲ. "ಮಾರಾಯ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಐಪಿ ಎಲ್ಲ ಬದಲಾಗ್ತದೆ, ಕಾನ್ಸುಲ್ ಹಾಕು" ಅಂದರು. ಕಾನ್ಸುಲ್ ಅಂದರೆ ಯಾವ ಸರ್ವಿಸ್ ಎಲ್ಲಿದೆ ಅಂತ ಲೆಕ್ಕ ಇಡುವ ಪ್ರತ್ಯೇಕ ಸಾಫ್ಟ್‌ವೇರ್. ಅದರ ಕೋರಮ್‌ಗೆ (ಒಂದು ಸರ್ವರ್ ಬಿದ್ದರೂ ಬಹುಮತ ಉಳಿಯಲು) ಕ್ಲೌಡಲ್ಲಿ ಮೂರು ಸರ್ವರ್ ಅಂದರೆ ತಿಂಗಳಿಗೆ ಆರೇಳು ಸಾವಿರ. ಆ ದುಡ್ಡಿಗೆ ಯುಪಿಎಸ್ ಬ್ಯಾಟರಿ ಹಾಕಿಸಿದೆ.

ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ, ಬೋಟು ಇಳಿಯುವುದಿಲ್ಲ. ಪ್ರಯೋಗಕ್ಕೆ ಅದೇ ಸಮಯ.

ಮೊದಲು ಕೈಕೊಟ್ಟದ್ದು ಎನ್‌ಜಿನ್‌ಎಕ್ಸ್, ಹೊರಗಿನ ಕೋರಿಕೆಗಳನ್ನು ಒಳಗಿನ ಸರ್ವಿಸ್‌ಗೆ ದಾಟಿಸುವ ವೆಬ್ ಸರ್ವರ್. ಅದು ಹೆಸರನ್ನು ಶುರುವಿನಲ್ಲಿ ಒಮ್ಮೆ ಕೇಳಿ ಐಪಿಯನ್ನು ಹಿಡಿದುಕೊಂಡೇ ಕೂರುತ್ತದೆ. ಬಿಲ್ ಸರ್ವಿಸ್ ಇನ್ನೂ ಎದ್ದಿರದಿದ್ದರೆ ತಾನೇ ಬಿದ್ದುಹೋಗುತ್ತದೆ. ಎಲ್ಲಿಗೆ ದಾಟಿಸಬೇಕು ಅಂತ ಹೇಳುವ ಪ್ರಾಕ್ಸಿ ಪಾಸ್‌ ಸಾಲಿನಲ್ಲಿ ವಿಳಾಸವನ್ನು ವೇರಿಯಬಲ್‌ಗೆ ಹಾಕಿ, ರಿಸಾಲ್ವರ್‌ಗೆ (ಹೆಸರನ್ನು ಯಾರಲ್ಲಿ ಕೇಳಬೇಕು ಅನ್ನುವ ಸಾಲು) ಡಾಕರ್‌ನ ಒಳಗಿನ ಡಿಎನ್‌ಎಸ್ ವಿಳಾಸ 127.0.0.11 ಕೊಟ್ಟೆ. ಆದರೂ ಹಳೇ ಐಪಿಗೇ ಹೋಗುತ್ತಿತ್ತು. ಡಿಎನ್‌ಎಸ್ ಉತ್ತರ ತೋರಿಸುವ ಡಿಗ್ ಕಮಾಂಡ್ ಹೊಡೆದು ನೋಡಿದರೆ ಡಾಕರ್ ಕೊಡುವ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳಬಹುದಾದ ಅವಧಿ) 600 ಸೆಕೆಂಡ್! ರಿಸಾಲ್ವರ್ ಸಾಲಿನಲ್ಲಿ ವ್ಯಾಲಿಡ್ 10 ಸೆಕೆಂಡ್ ಅಂತ ಬರೆದ ಮೇಲೆ ಸರಿಹೋಯಿತು. ಜಾವಾ ಸರ್ವಿಸ್‌ಗಳ ಡಿಎನ್‌ಎಸ್ ಕ್ಯಾಶನ್ನೂ 5 ಸೆಕೆಂಡಿಗೆ ಇಳಿಸಿದೆ.

ನಿಜವಾಗಿ ಸತಾಯಿಸಿದ್ದು ಡೇಟಾಬೇಸ್. ಸ್ವಲ್ಪ ಹೊತ್ತು ಬಿಲ್ಲೇ ಇಲ್ಲದೆ ಹೋದರೆ ಆಮೇಲಿನ ಮೊದಲ ಬಿಲ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಲಾಗ್‌ನಲ್ಲಿ ಏನೂ ಇಲ್ಲ. ಎಲ್ಲರೂ ಡಿಎನ್‌ಎಸ್‌ನತ್ತ ಬೆರಳು ತೋರಿಸಿದರು. ಹೆಸರು ಸರಿಯಾಗಿಯೇ ಸಿಗುತ್ತಿತ್ತು. ಸ್ವಾರ್ಮ್ ಪ್ರತಿ ಸರ್ವಿಸ್‌ಗೂ ಒಂದು ವರ್ಚುಯಲ್ ಐಪಿ ಕೊಡುತ್ತದೆ; ಅದರ ಹಿಂದಿದ್ದು ಕನೆಕ್ಷನ್‌ಗಳನ್ನು ಕಂಟೇನರ್‌ಗಳಿಗೆ ಹಂಚುವ ಲಿನಕ್ಸಿನ ಐಪಿವಿಎಸ್ 900 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್ನನ್ನು ಮರೆತುಬಿಡುತ್ತದೆ. ಕನೆಕ್ಷನ್ ಜೀವಂತ ಇದೆಯಾ ಅಂತ ತಟ್ಟಿ ನೋಡುವ ಲಿನಕ್ಸ್ ಕೀಪ್‌ಅಲೈವ್ ಏಳುವುದು 7200 ಸೆಕೆಂಡಿಗೆ. ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಳ್ಳುವ ಪೂಲ್‌ನಲ್ಲಿ ಕೀಪ್‌ಅಲೈವ್ ಆನ್ ಮಾಡಿ ಅವಧಿಯನ್ನು 600ಕ್ಕೆ ತಂದೆ. ಆ ತೊಂದರೆ ಮತ್ತೆ ಬರಲಿಲ್ಲ.

ನಡುವೆ ವರ್ಚುಯಲ್ ಐಪಿಯೇ ಬೇಡ ಅಂತ ಡಿಎನ್‌ಎಸ್‌ಆರ್‌ಆರ್ ಮೋಡ್ (ಡಿಎನ್‌ಎಸ್ ನೇರವಾಗಿ ಕಂಟೇನರ್‌ಗಳ ಐಪಿಯನ್ನೇ ಕೊಡುವ ಬಗೆ) ಕೂಡ ಹಾಕಿ ನೋಡಿದೆ. ಇಂಗ್ರೆಸ್‌ನಲ್ಲಿ, ಅಂದರೆ ಸ್ವಾರ್ಮ್‌ನ ಹೊರಬಾಗಿಲಲ್ಲಿ, ಪೋರ್ಟ್ ಪಬ್ಲಿಶ್ ಮಾಡಲು ಅದು ಬಿಡುವುದಿಲ್ಲ. ಒಳಗಿನ ರಿಪೋರ್ಟ್ ಸರ್ವಿಸ್‌ಗೆ ಮಾತ್ರ ಉಳಿಸಿಕೊಂಡೆ, ಅಲ್ಲಿ ಸೊಗಸಾಗಿ ನಡೆಯುತ್ತಿದೆ. ಬಿಲ್ ಸರ್ವಿಸ್‌ಗೆ "ಟಾಸ್ಕ್ಸ್", ಚುಕ್ಕೆ, ಆಮೇಲೆ ಸರ್ವಿಸ್ ಹೆಸರು ಸೇರಿಸಿ ಡಿಎನ್‌ಎಸ್ ಕೇಳಿದರೆ ಎಲ್ಲ ಕಂಟೇನರ್‌ಗಳ ಐಪಿಯೂ ಬರುತ್ತದೆ, ಎನ್‌ಜಿನ್‌ಎಕ್ಸ್ ತಾನೇ ಹಂಚಿಕೊಳ್ಳುತ್ತದೆ.

ಆಗಸ್ಟಿನಲ್ಲಿ ಬೋಟುಗಳು ಇಳಿದ ವಾರ ಕರೆಂಟ್ ಹಲವು ಸಲ ಹೋಯಿತು, ಬ್ಯಾಟರಿ ಮುಗಿದು ಮಷೀನ್ ಬಿದ್ದದ್ದೂ ಉಂಟು. ಕೈ ಹಾಕದೆಯೇ ಒಂದೆರಡು ನಿಮಿಷದಲ್ಲಿ ಎಲ್ಲ ಸರ್ವಿಸ್‌ಗಳೂ ಒಂದನ್ನೊಂದು ಹುಡುಕಿಕೊಂಡವು. ಕಾನ್ಸುಲ್ ಹಾಕು ಅಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ನನ್ನ ಕಾನ್ಫಿಗ್ ಕೇಳಿ ಪಡೆದಿದ್ದಾರೆ. ಅಪ್‌ಡೇಟ್ ಹೊತ್ತಿಗೆ ಒಂದೂ ಬಿಲ್ ತಪ್ಪದಂತೆ ಹಳೇ ಕಂಟೇನರನ್ನು ಇಳಿಸುವ ಕ್ರಮವನ್ನು ಮಾತ್ರ ಅವರಿಗೂ ಕೊಟ್ಟಿಲ್ಲ.