ಅಟ್ಟದಿಂದ ಇಳಿದ ಟ್ಯಾಮಿಗೆ ಸ್ನಾನ, ಸೀರೆ

ಹಳೇ ಟ್ರಂಕಿನಲ್ಲಿ ಸಿಕ್ಕ ಗೊಂಬೆ ಬಾರ್ಬಿಯಲ್ಲ ಅಂತ ಗೊತ್ತಾದ ಕೂಡಲೇ ಪಕ್ಕಕ್ಕಿಡಬೇಡಿ. ತಲೆಯ ಹಿಂಭಾಗ ನೋಡಿ. ಐಡಿಯಲ್ ಕಂಪನಿಯ ಹೆಸರು, ಬಿಎಸ್-12 ಅನ್ನೋ ಗುರುತು ಇಂಗ್ಲಿಷಿನಲ್ಲಿ ಇದ್ದರೆ ಅದು ಟ್ಯಾಮಿ ಎಂಬ ಅಮೆರಿಕದ ಗೊಂಬೆ. ಬಾರ್ಬಿ ಬಂದದ್ದು 1959ರಲ್ಲಿ, ಟ್ಯಾಮಿ 1962ರಲ್ಲಿ. ದುಂಡು ಮುಖ, ಓರೆಗಣ್ಣು, ಚಪ್ಪಟೆ ಪಾದ, ತುಂಬಿದ ಸೊಂಟ. ಅಪ್ಪ, ಅಮ್ಮ, ಅಣ್ಣ ಟೆಡ್, ತಂಗಿ ಪೆಪ್ಪರ್ ಕೂಡ ಇದ್ದ ಮನೆಮಗಳು ಅವಳು. ಬಾರ್ಬಿಯ ಥಳುಕಿನ ಎದುರು ಹೆಚ್ಚು ವರ್ಷ ನಿಲ್ಲಲಿಲ್ಲ. ಗುರುತೇ ಇಲ್ಲದ ಸಾದಾ ಗೊಂಬೆ ಸಿಕ್ಕಿದ್ದರೂ ಮುಂದಿನ ಕೆಲಸ ಇದೇ.

ಅವಳನ್ನು ಬಾರ್ಬಿ ಮಾಡಲು ಮಾತ್ರ ಹೋಗಬೇಡಿ. ತುಟಿಗೆ ನೇಲ್ ಪಾಲಿಶ್ ಬಳಿದರೆ ಅದರೊಳಗಿನ ದ್ರಾವಕ ಹಳೇ ಬಣ್ಣವನ್ನೂ ಕರಗಿಸುತ್ತದೆ. ಅದನ್ನು ತೆಗೆಯಲು ರಿಮೂವರ್ ಹಚ್ಚಿದರೆ ಮುಖವೇ ಮಾಸುತ್ತದೆ. ಮಾಸಿದ ತುಟಿ ಮಾಸಿದಂತೆಯೇ ಇರಲಿ.

ಮೊದಲು ಕೂದಲು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಬೋರ್ ನೀರು ಗಡಸು. ಒಣಗಿದ ಮೇಲೆ ಎಳೆಗಳ ಮೇಲೆ ಸುಣ್ಣದಂಥ ಬಿಳಿ ಪೊರೆ ಉಳಿಯುತ್ತದೆ. ಶುದ್ಧ ನೀರಿನ ಘಟಕದ ಎರಡು ಲೀಟರ್ ನೀರು ಸಾಕು. ಒಂದು ಲೀಟರ್ ಉಗುರುಬೆಚ್ಚಗೆ ಮಾಡಿ ಅರ್ಧ ಟೀ ಚಮಚ ಶಾಂಪೂ ಕಲಸಿ, ಇನ್ನೊಂದು ಜಾಲಿಸಲು ಇರಲಿ. ಗೊಂಬೆಯನ್ನು ತಲೆಕೆಳಗಾಗಿ ಹಿಡಿದು ಕೂದಲಷ್ಟೇ ಅದ್ದಿ. ನೀರು ತಲೆಯೊಳಗೆ ಹೋದರೆ ವಾರಗಟ್ಟಲೆ ಆರುವುದಿಲ್ಲ, ಒಳಗೆ ಬೂಷ್ಟು ಕಟ್ಟುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಒಂದೊಂದೇ ಅಂಗುಲ ಮೇಲಕ್ಕೆ ಬಿಡಿಸುತ್ತಾ ಬನ್ನಿ. ಬುಡದಿಂದ ಎಳೆದರೆ ಗೊಂಚಲೇ ಕಿತ್ತು ಬರುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮೊದಲ ದಿನ ಮಿಂಚುತ್ತದೆ, ತಿಂಗಳೊಳಗೆ ಬಯಲುಸೀಮೆಯ ಧೂಳು ಹತ್ತಿ ಜಿಡ್ಡಿನ ಜಡೆಯಾಗುತ್ತದೆ.

ಕೂದಲು ನೆಟ್ಟಗೆ ನಿಲ್ಲದಿದ್ದರೆ ಒದ್ದೆ ಇರುವಾಗಲೇ ಹತ್ತಿ ಪಟ್ಟಿ ಸುತ್ತಿ, ಬಿಸಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ. ಟ್ಯಾಮಿಯ ಕೂದಲು ಸರಾನ್ ಎಂಬ ಪ್ಲಾಸ್ಟಿಕ್ ಎಳೆ. ಅತಿ ಬಿಸಿಗೆ ಸುರುಟಿಕೊಳ್ಳುತ್ತದೆ. ಒಂದು ದಿನ ಪೂರ್ತಿ ಆರಿದ ಮೇಲೇ ಪಟ್ಟಿ ಬಿಚ್ಚಿ.

ಮೈಗೆ ಒದ್ದೆ ಬಟ್ಟೆ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಕೈ ಅಂಟಂಟಾಗಿದ್ದರೆ ಅದು ಕೊಳೆಯಲ್ಲ. ವಿನೈಲ್ ಎಂಬ ಪ್ಲಾಸ್ಟಿಕ್ ಮೆದುವಾಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಜಿನುಗುತ್ತಿದೆ. ಒರೆಸಿ, ಒಣಗಿಸಿ, ಚಿಟಿಕೆ ಕಾರ್ನ್‌ಫ್ಲೋರ್ ಸವರಿ. ಕೆಲವು ತಿಂಗಳಿಗೆ ಮತ್ತೆ ಜಿನುಗುತ್ತದೆ, ಮತ್ತೆ ಒರೆಸಬೇಕು. ಬಾಲ್‌ಪೆನ್ ಗೀಚು ಇದ್ದರೆ ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಕಲೆಯ ಮೇಲಷ್ಟೇ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಕಿಟಕಿಯ ಬೆಳಕಿನಲ್ಲಿ ನಾಲ್ಕೈದು ಗಂಟೆ ಇಡಿ. ಒರೆಸಿ ನೋಡಿ, ಬೇಕಾದರೆ ಮರುದಿನ ಮತ್ತೊಮ್ಮೆ. ಆತುರಪಟ್ಟು ಮಾಳಿಗೆಯ ಬಿಸಿಲಿಗೆ ಇಟ್ಟರೆ ವಿನೈಲ್ ಮೆತ್ತಗಾಗಿ ಆಕಾರ ಕೆಡುತ್ತದೆ. ಹೆಚ್ಚು ದಿನ ಹಚ್ಚಿದರೆ ತೊನ್ನಿನಂಥ ಬಿಳಿ ಮಚ್ಚೆ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಕಣ್ಣು, ತುಟಿಯ ಹತ್ತಿರ ಈ ಮುಲಾಮು ತರಬೇಡಿ.

ಇನ್ನು ಉಡುಗೆ. ಬಾರ್ಬಿಯ ರವಿಕೆ ಟ್ಯಾಮಿಯ ಸೊಂಟಕ್ಕೆ ಸೇರುವುದಿಲ್ಲ, ದಾರದಿಂದ ಅವಳದೇ ಅಳತೆ ತೆಗೆದು ಹೊಲಿಯಿರಿ. ಹಿಂದೆ ಪೂರ್ತಿ ತೆರೆದು ಎರಡು ಸಣ್ಣ ಟಿಚ್ ಬಟನ್ ಹಾಕಿ. ತೋಳು ತೊಡಿಸುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಅಂಗೈಗೆ ತುಂಡು ಪ್ಲಾಸ್ಟಿಕ್ ಕವರ್ ಸುತ್ತಿದರೆ ಸರಕ್ಕನೆ ಜಾರುತ್ತದೆ.

ಗೊಂಬೆ ನಮ್ಮ ಎತ್ತರದ ಸುಮಾರು ಆರರಲ್ಲೊಂದು ಪಾಲು; ಐದೂವರೆ ಮೀಟರ್ ಸೀರೆಗೂ ಅದೇ ಲೆಕ್ಕ ಹಿಡಿದರೆ ಉದ್ದ 92 ಸೆಂಟಿಮೀಟರ್ ಬರುತ್ತದೆ. ಬಟ್ಟೆಯ ದಪ್ಪ ಮಾತ್ರ ಆರರಲ್ಲೊಂದು ಆಗುವುದಿಲ್ಲವಲ್ಲ, ಅಷ್ಟು ಸುತ್ತಿದರೆ ಸೊಂಟ ಮೂಟೆಯಂತೆ ಉಬ್ಬುತ್ತದೆ. ಉದ್ದ 75, ಅಗಲ 20 ಸಾಕು. ಒಂದೂವರೆ ಸೆಂಟಿಮೀಟರ್ ಅಗಲದ ಐದು ನೆರಿಗೆ ಹಿಡಿದು, ಉಡಿಸುವ ಮೊದಲೇ ಇಸ್ತ್ರಿ ಹಾಕಿ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ದಾವಣಗೆರೆಯಲ್ಲಿ ತೆಳು ಮಲ್ ಬಟ್ಟೆಗೆ ಬರವಿಲ್ಲ. ತೊಳೆದು ತೊಳೆದು ಮೆತ್ತಗಾದ ಪಂಚೆಯಂತೂ ಅದಕ್ಕಿಂತ ಚೆನ್ನಾಗಿ ಮೈಗೆ ಕೂರುತ್ತದೆ. ಮೊಳಕಾಲ್ಮೂರು ರೇಷ್ಮೆಯ ಚೂರು ಸಿಕ್ಕರೆ ಅಂಚು ನೋಡಿ ಆರಿಸಿ. ಮೂರಂಗುಲದ ಜರಿ ಅಂಚು ಈ ಗೊಂಬೆಗೆ ಮೊಣಕಾಲಿನವರೆಗೂ ಬಂದುಬಿಡುತ್ತದೆ, ಅರ್ಧ ಅಂಗುಲದೊಳಗಿದ್ದರೆ ಚೆಂದ.

ಕೆಂಪು, ಕಡುನೀಲಿ ಬಟ್ಟೆಯ ಬಣ್ಣ ವಿನೈಲಿಗೆ ಇಳಿಯುತ್ತದೆ. ನೀರಿನಲ್ಲಿ ನೆನೆಸಿ ಬಣ್ಣ ಬಿಡುವುದು ನಿಂತ ಮೇಲೆ ಬಳಸಿ, ಒಳಗೆ ಬಿಳಿ ಲಂಗ ಇರಲಿ. ಸೆರಗಿಗೆ ಗುಂಡುಪಿನ್ನು ಚುಚ್ಚಿ ಬಿಡಬೇಡಿ. ಹಿತ್ತಾಳೆಯದಾದರೆ ಹಸಿರು ಕಲೆ, ಕಬ್ಬಿಣದ್ದಾದರೆ ತುಕ್ಕು. ಭುಜದಲ್ಲಿ ರವಿಕೆಗೆ ಸೇರಿಸಿ ಒಂದು ಹೊಲಿಗೆ ಹಾಕಿದರೆ ಆಯಿತು.

ಎತ್ತಿಡುವಾಗ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ, ನುಸಿಗುಳಿಗೆಯೂ ಬೇಡ, ಅದರ ಹಬೆಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಅಟ್ಟ ಕಾದ ಕಾವಲಿಯಂತಿರುತ್ತದೆ, ಡಬ್ಬವನ್ನು ಕೆಳಗಿನ ಬೀರುವಿನಲ್ಲೇ ಇಡಿ.