ದೊಡ್ಡಪ್ಪನ ಡೆತ್ ಸರ್ಟಿಫಿಕೇಟು: ಕೌಂಟಿ ಆಫೀಸಿಂದ ತಾಲ್ಲೂಕು ಆಫೀಸಿನವರೆಗೆ

ಅಂತೂ ನಮ್ಮ ತೋಟದ ಪಹಣಿಲಿ, ಅಂದ್ರೆ ಜಮೀನಿನ ದಾಖಲೇಲಿ, ದೊಡ್ಡಪ್ಪನ ಹೆಸರು ಹೋಗಿ ಅಪ್ಪನ ಹೆಸರೊಂದೇ ಉಳೀತು. ಅಮೆರಿಕದಲ್ಲಿ ನಲ್ವತ್ತು ವರ್ಷದ ಹಿಂದೆ ಸತ್ತೋರ ಸರ್ಟಿಫಿಕೇಟ್ ಈಗೆಲ್ಲಿ ಸಿಗುತ್ತೆ, ಸಿಕ್ಕಿದ್ರೂ ನಮ್ಮ ತಾಲ್ಲೂಕು ಆಫೀಸಲ್ಲಿ ನಡಿಯುತ್ತಾ ಅಂತ ನಕ್ಕಿದ್ದ ಭಾವ, ಊರಿನ ವಕೀಲರು, ಅಮೆರಿಕದಲ್ಲಿ ನಾನಿರೋ ಕಡೆಯ ಇಬ್ಬರು ಫ್ರೆಂಡ್ಸು, ಎಲ್ರಿಗೂ ಪಹಣಿ ಫೋಟೋ ವಾಟ್ಸಾಪ್ ಮಾಡಿದೀನಿ. ಇಂಥದೇ ಪೇಚಲ್ಲಿರೋರು ನಮ್ಮ ಜನದಲ್ಲಿ ಬೇಕಾದಷ್ಟಿದಾರೆ ಅಂತ ಬರೀತಿದೀನಿ. ಪೌತಿ ಖಾತೆ ಅಂದ್ರೆ ಸತ್ತೋರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋದು, ವಂಶವೃಕ್ಷ ಅಂದ್ರೆ ಮನೆಯೋರ ಸಂಬಂಧ ತೋರಿಸೋ ಪತ್ರ, ಅಪಾಸ್ಟಿಲ್ ಅಂದ್ರೆ ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೀಲಿ ಅಂತ ಅದಕ್ಕೆ ಹಚ್ಚೋ ದೃಢೀಕರಣ ಪತ್ರ.

ವಿಷಯ ಇಷ್ಟೇ. ತುಮಕೂರು ಜಿಲ್ಲೆಲಿ ಎರಡು ಎಕರೆ ಚಿಲ್ಲರೆ ತೆಂಗಿನ ತೋಟ, ಅಪ್ಪ ಮತ್ತೆ ದೊಡ್ಡಪ್ಪನ ಜಂಟಿ ಖಾತೆ. ದೊಡ್ಡಪ್ಪ 1969ರಲ್ಲಿ ಕ್ಯಾಲಿಫೋರ್ನಿಯಾಗೆ ಹೋದೋರು, ಮದುವೆ ಆಗ್ಲಿಲ್ಲ, 1984ರಲ್ಲಿ ತೀರ್ಕೊಂಡ್ರು. ಅಜ್ಜ ಅಜ್ಜಿ ಅದಕ್ಕೂ ಮುಂಚೆನೇ ಹೋಗಿದ್ರು. ಮನೆಗೆ ಬಂದಿದ್ದು ಒಂದು ಟೆಲಿಗ್ರಾಂ ಅಷ್ಟೇ, ಅದನ್ನೂ ಯಾವಾಗ್ಲೋ ಗೆದ್ದಲು ತಿಂದು ಹಾಕ್ತು. ವಕೀಲರು ಏನಂದ್ರು ಅಂದ್ರೆ ಏಳು ವರ್ಷದಿಂದ ಸುದ್ದಿ ಇಲ್ಲ ಅಂತ ಸಿವಿಲ್ ಕೋರ್ಟಲ್ಲಿ ದಾವೆ ಹಾಕೋಣ, ಸತ್ತಿದಾರೆ ಅಂತ ಡಿಕ್ರಿ ತಗೊಳೋಣ, ಎಲ್ಲಾ ಸೇರಿ ಎಂಬತ್ತು ಸಾವಿರ ಆಗುತ್ತೆ ಅಂತ. ನಂಗೂ ಸುಲಭ ಅನ್ಸಿತ್ತು, ಅಪ್ಪ ಒಪ್ಪಲಿಲ್ಲ. "ಟೆಲಿಗ್ರಾಂ ನನ್ ಕೈಗೇ ಬಂದಿತ್ತು ಕಣೋ, ಸುದ್ದಿ ಇಲ್ಲ ಅಂತ ಕೋರ್ಟಲ್ಲಿ ಹೆಂಗೆ ಹೇಳ್ಲಿ" ಅಂದ್ರು. ಅಲ್ಲಿಗೆ ನನ್ನ ತಲೆಗೆ ಬಂತು.

ಮೊದಲ ತಪ್ಪು ನಂದೇ. ದೊಡ್ಡಪ್ಪ ಇದ್ದ ಊರು ಗೊತ್ತಿತ್ತು, ಆ ಊರಿನ ಕೌಂಟಿಗೆ (ನಮ್ಮ ಜಿಲ್ಲೆ ಇದ್ದಂಗೆ) ಡೆತ್ ಸರ್ಟಿಫಿಕೇಟಿಗೆ ಅರ್ಜಿ ಹಾಕ್ದೆ. ಎರಡು ತಿಂಗಳಾದ್ಮೇಲೆ ದಾಖಲೆ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಬಂತು. ದುಡ್ಡು ವಾಪಸ್ ಬರಲ್ಲ, ಹುಡುಕಿದ್ದಕ್ಕೆ ಫೀಸು ಅದು. ಹೆಸರಿನ ಸ್ಪೆಲ್ಲಿಂಗ್ ತಪ್ಪಿರ್ಬೇಕು ಅಂತ ಬೇರೆ ಸ್ಪೆಲ್ಲಿಂಗಲ್ಲಿ ಇನ್ನೊಂದು ಅರ್ಜಿ, ಇನ್ನೊಂದು ಇಲ್ಲ. ಮೂರನೇದೂ ಹಾಕ್ದೆ, ಹಠ. ಸಾವು ರಿಜಿಸ್ಟರ್ ಆಗೋದು ಸತ್ತ ಜಾಗದ ಕೌಂಟಿಲಿ, ವಾಸ ಇದ್ದ ಕೌಂಟಿಲಿ ಅಲ್ಲ, ಇದು ನಂಗೆ ಗೊತ್ತಿತ್ತು ಕೂಡ. ಆದ್ರೆ ದೊಡ್ಡಪ್ಪ ಸತ್ತ ಆಸ್ಪತ್ರೆ ಇದ್ದಿದ್ದು ಸೇತುವೆ ಆಚೆ, ಇನ್ನೊಂದು ಕೌಂಟಿಲಿ ಅನ್ನೋದು ಹೊಳೀಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಒಂದೊಂದಕ್ಕೂ ಹಿಂಗೇ ಕಟ್ತಾ ಹೋಗಿದ್ರೆ ವಕೀಲರ ಫೀಸೇ ವಾಸಿ ಇರ್ತಿತ್ತು. ರಾಜ್ಯದ ಆಫೀಸಿಗೇ ಬರೀಬಹುದಿತ್ತು, ಅಲ್ಲಿ 1905ರಿಂದ ಎಲ್ಲಾ ಕೌಂಟಿದೂ ಇದೆ, ಆದ್ರೆ ಅವರು ತಗೊಳೋ ಟೈಮು ಕೇಳಿ ಕೈಬಿಟ್ಟೆ.

ಆಮೇಲೆ ಮಾಡಿದ್ದು ಮೊದಲೇ ಮಾಡ್ಬೇಕಿದ್ದ ಕೆಲಸ, ಡೆತ್ ಇಂಡೆಕ್ಸು, ಅಂದ್ರೆ ಸತ್ತೋರ ಹೆಸರಿನ ಪಟ್ಟಿ, ನೋಡಿದ್ದು. ಕ್ಯಾಲಿಫೋರ್ನಿಯಾದು 1940ರಿಂದ 1997ರವರೆಗೆ ಇದೆ, ವಂಶದ ದಾಖಲೆ ಹುಡುಕೋ ಫ್ಯಾಮಿಲಿಸರ್ಚ್ ಸೈಟಲ್ಲಿ ಫ್ರೀ, ಯಾವ ಕೌಂಟಿಲಿ ಸತ್ರು ಅನ್ನೋದೂ ಬರುತ್ತೆ. ಆದ್ರೆ ನಮ್ಮ ಹೆಸರುಗಳು ಅದರಲ್ಲಿ ಸಿಗೋದು ಅಂದ್ರೆ ಹುಲ್ಲಿನ ಬಣವೇಲಿ ಸೂಜಿ. ನಿಜವಾದ ಹೆಸರು ಬೇಡ, ಬಸವರಾಜಪ್ಪ ಅನ್ಕೊಳ್ಳಿ. ಆಸ್ಪತ್ರೆಲಿ ಅದನ್ನ ಎರಡು ತುಂಡು ಮಾಡಿ ಬಸವ ಅನ್ನೋದು ಹೆಸರು, ರಾಜಪ್ಪ ಅನ್ನೋದು ಸರ್‌ನೇಮು ಅಂತ ಬರ್ಕೊಂಡಿರ್ತಾರೆ. ಸೌಂಡೆಕ್ಸ್ ಇದೆಯಲ್ಲ ಅಂತೀರಿ, ಒಂದೇ ಥರ ಕೇಳಿಸೋ ಇಂಗ್ಲಿಷ್ ಸ್ಪೆಲ್ಲಿಂಗುಗಳಿಗೆ ಒಂದೇ ಕೋಡ್ ಕೊಟ್ಟು ಹುಡುಕೋ ಪದ್ಧತಿ. ಸೌಂಡೆಕ್ಸಲ್ಲಿ ಬಸವರಾಜಪ್ಪ ಬಿ 216, ರಾಜಪ್ಪ ಆರ್ 210, ಎಲ್ಲಿಂದ ಹೊಂದುತ್ತೆ? ಕೋಡಲ್ಲಿ ಹೆಸರಿನ ಮೊದಲ ಅಕ್ಷರ ಹಂಗೇ ಉಳಿಯೋದ್ರಿಂದ ಅದು ವಿ ಇದ್ದಿದ್ದು ಡಬ್ಲ್ಯೂ ಆಗಿದ್ರೂ ಮುಗೀತು ಕತೆ. ಇನಿಶಿಯಲ್ಲಿನ ಊರ ಹೆಸರು ಸರ್‌ನೇಮ್ ಆಗಿರೋದೂ ಇದೆ.

ನಾನು ಹೆಸರನ್ನೇ ಬಿಟ್ಟು ಹುಡುಕ್ದೆ. ವರ್ಷ, ಗಂಡಸು, ಹುಟ್ಟಿದ್ದು ಬೇರೆ ದೇಶ, ಆಮೇಲೆ ಬೇರೆ ಒಂದು ಖಾನೇಲಿ ಒಂದು ಸಣ್ಣ ಕಿತಾಪತಿ, ಅದನ್ನ ಮಾತ್ರ ಹೇಳಲ್ಲ, ಎರಡು ಚಳಿಗಾಲ ನಿದ್ದೆ ಕೆಟ್ಟು ಕಂಡ್ಕೊಂಡಿದ್ದು. ಮುನ್ನೂರು ಚಿಲ್ಲರೆ ಹೆಸರು ಬಂತು. ಒಂದೊಂದೇ ನೋಡ್ತಾ ನೋಡ್ತಾ ರಾತ್ರಿ ಒಂದೂವರೆ ಹೊತ್ತಿಗೆ ಒಂದು ಎಂಟ್ರಿಲಿ ತಾಯಿಯ ತವರಿನ ಸರ್‌ನೇಮ್ ಅನ್ನೋ ಕಡೆ "ಅವ್ವ" ಅಂತಿದೆ! ಅಮೆರಿಕದ ಸರ್ಕಾರಿ ದಾಖಲೇಲಿ ಅವ್ವ. ಮಾಹಿತಿ ಕೊಟ್ಟಿದ್ದು ರೂಮ್‌ಮೇಟು ಅಂತ ಆಮೇಲೆ ಸರ್ಟಿಫಿಕೇಟ್ ನೋಡಿದಾಗ ಗೊತ್ತಾಯ್ತು. ದೊಡ್ಡಪ್ಪ ಅಮ್ಮನ್ನ ಏನಂತ ಕರೀತಿದ್ರೋ ಅದನ್ನೇ ಪಾಪ ಆ ಮನುಷ್ಯ ಬರೆಸಿದಾನೆ. ಹುಟ್ಟಿದ ತಾರೀಕು ತಪ್ಪು, ಹೆಸರಲ್ಲಿ ಒಂದು ಪಿ ಕಮ್ಮಿ, ಆದ್ರೆ ಅವ್ವ ಅಂತ ಇದ್ಮೇಲೆ ಇನ್ನೇನು ಬೇಕು.

ಈ ಮಧ್ಯೆ ದಾರಿ ತಪ್ಪಿ ಒಂದು ತಿಂಗಳು ಇಂಪೀರಿಯಲ್, ಸಟ್ಟರ್ ಕೌಂಟಿಗಳ ಹಳೇ ದಾಖಲೆ ಓದ್ತಾ ಕೂತೆ, ನೂರು ವರ್ಷದ ಹಿಂದೆ ಹೊಲದ ಕೆಲಸಕ್ಕೆ ಬಂದ ಪಂಜಾಬಿಗಳದ್ದು. ಸಿಖ್ಖರನ್ನೂ ಜನಾಂಗದ ಕಾಲಮ್ಮಲ್ಲಿ ಹಿಂದೂ ಅಂತ ಬರ್ದಿದಾರೆ, ಭಾರತದಿಂದ ಬಂದೋರೆಲ್ಲಾ ಅವರಿಗೆ ಹಿಂದೂನೇ. ನನ್ನ ಕೆಲಸಕ್ಕೆ ಮೂರು ಕಾಸಿನ ಉಪಯೋಗ ಇಲ್ಲ, ಆದ್ರೂ ಬಿಡಕ್ಕೆ ಆಗ್ಲಿಲ್ಲ. ಸಮಾಧಿ ಹುಡುಕೋ ಸೈಟುಗಳು ನಮ್ಮೋರಿಗೆ ದಂಡ, ಸುಟ್ಟು ಬೂದಿ ಮಾಡ್ತೀವಲ್ಲ. ಅದಕ್ಕಿಂತ ಲೈಬ್ರರಿಯೋರು ವಾಸಿ, ಹಳೇ ಪೇಪರಿನ ಮೈಕ್ರೋಫಿಲ್ಮಲ್ಲಿ ಎರಡು ಸಾಲಿನ ನಿಧನ ವಾರ್ತೆ ಹುಡುಕಿ ಫ್ರೀಯಾಗಿ ಸ್ಕ್ಯಾನ್ ಮಾಡಿ ಕಳಿಸಿದ್ರು.

ಸರಿ, ಕೌಂಟಿ ಸಿಕ್ತು. ಇನ್ನೊಂದು ಗೋಡೆ: ತಮ್ಮನ ಮಗ ಆಥರೈಸ್ಡ್ ಪಟ್ಟಿಲಿ, ಅಂದ್ರೆ ಪೂರ್ತಿ ಮಾನ್ಯತೆಯ ಕಾಪಿ ಪಡೆಯೋ ಹಕ್ಕಿರೋರ ಪಟ್ಟಿಲಿ, ಇಲ್ಲ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದೋರು, ಇಂಥೋರಿಗೆ ಆಗುತ್ತೆ, ನಮ್ಮಂಥೋರಿಗೆ ಬರೀ ಮಾಹಿತಿಗೆ ಅಂತ ಕೊಡೋ ಇನ್ಫರ್ಮೇಷನಲ್ ಕಾಪಿ. ಅದರ ಮೇಲೆ ಗುರುತಿನ ದಾಖಲೆಯಾಗಿ ನಡಿಯಲ್ಲ ಅಂತ ಅಡ್ಡಡ್ಡಕ್ಕೆ ಛಾಪಿಸಿರ್ತಾರೆ, ಅದನ್ನ ತಾಲ್ಲೂಕು ಆಫೀಸಿನ ಕೇಸ್ ವರ್ಕರ್ ಕೈಗೆ ಕೊಟ್ಟು ನೋಡಿ! ಲಾಯರ್ ಹಿಡಿ ಅಂದ್ರು ಫ್ರೆಂಡ್ಸು. ನಾನು 2024ರಲ್ಲಿ ಅಪ್ಪ ಅಮ್ಮ ನಮ್ಮನೆಗೆ ಬಂದಾಗ ಅಪ್ಪನ್ನ ಕಾರಲ್ಲಿ ಕೂರಿಸ್ಕೊಂಡು ಸೀದಾ ಕೌಂಟಿ ಆಫೀಸಿನ ಕೌಂಟರಿಗೇ ಹೋದೆ, ಅಪ್ಪ ಒಡಹುಟ್ಟಿದೋರಲ್ವಾ. ಪೋಸ್ಟಲ್ಲಿ ಕಳಿಸಿದ್ರೆ ಪ್ರಮಾಣ ಹೇಳಿಕೆಗೆ ನೋಟರಿ ಬೇಕು, ಎದುರಿಗೇ ಹೋಗಿ ಸೈನ್ ಮಾಡಿದ್ರೆ ಬೇಡ. ಎಂಬತ್ತು ದಾಟಿದ ಅಪ್ಪ ಪಾಸ್‌ಪೋರ್ಟ್ ತೋರಿಸಿ ಕನ್ನಡದಲ್ಲೇ ಸೈನ್ ಹಾಕಿದ್ರು, ಕೌಂಟರಿನ ಹೆಂಗಸು ಚೆನ್ನಾಗಿದೆ ನಿಮ್ಮ ಲಿಪಿ ಅಂದ್ಲು. ಕಾಪಿಗೆ ಆಗ 24 ಡಾಲರ್, ಎರಡು ತಗೊಂಡೆ. ಎರಡ್ಯಾಕೆ ದಂಡ ಅಂತ ಅಪ್ಪ ಪಾರ್ಕಿಂಗ್ ತನಕ ಗೊಣಗಿದ್ರು.

ಅಪಾಸ್ಟಿಲ್ ಮಾಡಿಸಿದ್ದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೋಲಿ, ಒಂದಕ್ಕೆ 20 ಡಾಲರ್. ಸರ್ಟಿಫಿಕೇಟಲ್ಲಿ ಕೌಂಟಿಯ ದಾಖಲೆ ಅಧಿಕಾರಿ, ಅಂದ್ರೆ ರೆಕಾರ್ಡರ್, ಸಹಿ ಇದ್ದಿದ್ರಿಂದ ನಂಗೆ ತೊಂದ್ರೆ ಆಗ್ಲಿಲ್ಲ. ನನ್ನ ಫ್ರೆಂಡಿಂದು ಈಚಿನ ಸಾವು, ಹೆಲ್ತ್ ಆಫೀಸರ್ ಸಹಿ ಇತ್ತು, ಮೊದಲು ಕೌಂಟಿ ಕ್ಲರ್ಕ್ ಹತ್ರ ಆ ಸಹಿ ದೃಢೀಕರಿಸ್ಕೊಂಡು ಬಾ ಅಂತ ವಾಪಸ್ ಕಳಿಸಿದ್ರು.

ಊರಿಗೆ ಹೋದ್ಮೇಲೆ ನಿಜವಾದ ಸರ್ಕಸ್ಸು. ಮೊದಲ ದಿನನೇ ಜೆರಾಕ್ಸ್ ಅಂಗಡಿ ಹುಡುಗ, ನಾನು ಟೀ ಕುಡಿಯಕ್ಕೆ ಹೋದಾಗ, ಅಪಾಸ್ಟಿಲ್ ಪಿನ್ನು ಕಿತ್ತು ಬಿಡಿಬಿಡಿಯಾಗಿ ಕಾಪಿ ತೆಗೆದು ಮತ್ತೆ ನೀಟಾಗಿ ಪಿನ್ ಹೊಡ್ದು ಇಟ್ಟಿದ್ದ. ಪಿನ್ ಕಿತ್ತ ಅಪಾಸ್ಟಿಲ್ ಅಂದ್ರೆ ರದ್ದಿ. ಇಪ್ಪತ್ತು ಡಾಲರ್ ಅಲ್ಲೇ ನೀರಲ್ಲಿ ಹೋಮ. ಅದೃಷ್ಟಕ್ಕೆ ಎರಡನೇ ಕಾಪಿಗೂ ಮಾಡಿಸಿದ್ದೆ, ಅಪ್ಪ ಆವತ್ತಿಂದ ಗೊಣಗಿಲ್ಲ, ಆದ್ರೆ ಅದನ್ನ ಲ್ಯಾಮಿನೇಷನ್ ಮಾಡ್ಸೋಣ ಅಂದ್ರು, ಕೈ ಮುಗ್ದೆ.

ತಾಲ್ಲೂಕು ಆಫೀಸಲ್ಲಿ ಜೂನಲ್ಲಿ ಕೊಟ್ಟೆ. ಸರ್ಟಿಫಿಕೇಟ್ ಕೊಟ್ಟ ತಾರೀಕು 03/11/2024 ಅಂತ ಸೀಲು, ಅಂದ್ರೆ ಮಾರ್ಚ್ ಹನ್ನೊಂದು, ಅವರ ಲೆಕ್ಕದಲ್ಲಿ ತಿಂಗಳು ಮೊದಲು. ಇಲ್ಲಿ ಸಾಹೇಬ್ರು ನವೆಂಬರ್ ಮೂರು ಅಂತ ಓದಿ, ಇನ್ನೂ ಬರದೇ ಇರೋ ತಾರೀಕಿನ ಸರ್ಟಿಫಿಕೇಟ್ ಹೆಂಗೆ ತಂದ್ರಿ ಅಂತ ಕೇಳಿದ್ರು. ಅಪಾಸ್ಟಿಲ್ ತೋರಿಸಿ ಅದರಲ್ಲಿನ ತಿಂಗಳು ಓದಿಸಿದ ಮೇಲೆ ಮುಂದಕ್ಕೆ ಹೋಯ್ತು. ಕನ್ನಡ ಅನುವಾದ ನೋಟರಿ ಮಾಡಿಸಿ ತನ್ನಿ ಅಂದ್ರು, ಎರಡೂವರೆ ಸಾವಿರ. ಆಮೇಲೆ ವಂಶವೃಕ್ಷದಲ್ಲಿ ತಾಯಿ ಹೆಸರು ಬೇರೆ ಇದೆ, ಇಲ್ಲಿ ಅವ್ವ ಅಂತಿದೆ, ಯಾರು ಈ ಅವ್ವ? ಅಮೆರಿಕದಲ್ಲೇ ತಿದ್ದುಪಡಿ ಮಾಡಿಸಬಹುದಿತ್ತು, ಇನ್ನೊಂದು ವರ್ಷ ಆಗ್ತಿತ್ತು. ಒಬ್ಬರೇ ವ್ಯಕ್ತಿ ಅಂತ ಅಫಿಡವಿಟ್ಟು, ಜೊತೆಗೆ ಇನ್ನೊಂದು ಕಾಗದ ಇಟ್ಟೆ, ಅದರಿಂದಲೇ ಕೆಲಸ ಆಗಿದ್ದು, ಅದನ್ನ ಕೇಳಿದ್ರೆ ಖಾಸಗಿಯಾಗಿ ಹೇಳ್ತೀನಿ.

ನಾಲ್ಕು ಸಲ ಹೋಗಿದ್ದು, ಎರಡು ಸಲ ಸರ್ವರ್ ಇಲ್ಲ, ಒಂದ್ಸಲ ಸಾಹೇಬ್ರಿಲ್ಲ. ಅರ್ಜಿ, ಅಪಾಸ್ಟಿಲ್, ಅನುವಾದ, ಪೆಟ್ರೋಲು, ಟೀ ಎಲ್ಲಾ ಸೇರಿ ಇಪ್ಪತ್ತೈದು ಸಾವಿರದ ಒಳಗೇ ಅಂತ ನೆನಪು, ಮೊದಲ ಮೂರು ಪೆದ್ದು ಅರ್ಜಿಗಳೂ ಇದರಲ್ಲೇ ಬಂತು. ವಿಮಾನದ ಟಿಕೆಟ್ ಲೆಕ್ಕಕ್ಕೆ ತಗೊಂಡಿಲ್ಲ, ಅಪ್ಪ ಮೊಮ್ಮಗನ್ನ ನೋಡಕ್ಕೆ ಬರೋರಿದ್ರು ಹೆಂಗೂ.

ಮೊನ್ನೆ ಸುಮ್ನೆ ಕ್ಯಾಲಿಫೋರ್ನಿಯಾದ ವಾರಸುದಾರರಿಲ್ಲದ ಹಣದ ಸೈಟಲ್ಲಿ ಆ ಒಂದು ಪಿ ಕಮ್ಮಿ ಇರೋ ಸ್ಪೆಲ್ಲಿಂಗ್ ಹಾಕಿ ನೋಡ್ದೆ. ದೊಡ್ಡಪ್ಪ ಇದ್ದ ಬೀದಿ ವಿಳಾಸದ ಜೊತೆ ಒಂದು ಎಂಟ್ರಿ ಇದೆ. ಕ್ಲೈಮಿಗೆ ಡೆತ್ ಸರ್ಟಿಫಿಕೇಟ್ ಕೇಳ್ತಾರೆ, ಪಿನ್ ಕಿತ್ತ ಆ ಮೊದಲ ಕಾಪಿ ಇದೆಯಲ್ಲ, ಅಪಾಸ್ಟಿಲ್ ಸತ್ರೂ ಸರ್ಟಿಫಿಕೇಟ್ ಸತ್ತಿಲ್ಲ, ಅದನ್ನೇ ಹಾಕಿ ಕಳಿಸಿದೀನಿ.