ನಾಲ್ಕು ಕೋರ್, ಎಂಟು ಥ್ರೆಡ್: ಈ ಲೆಕ್ಕವನ್ನು ಓದುವುದು ಹೇಗೆ?

ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಸಿಪಿಯು (ಕಂಪ್ಯೂಟರಿನ ಮುಖ್ಯ ಚಿಪ್) ಆರಿಸಿದರೆ ಗ್ರಾಫಿನ ಕೆಳಗೆ ಇತರ ಅಂಕಿಗಳ ಜೊತೆ ಈ ಮೂರು ಸಂಖ್ಯೆಗಳು ಸಿಗುತ್ತವೆ: ಕೋರ್‌ಗಳು (ಚಿಪ್ಪಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕಗಳು), ಲಾಜಿಕಲ್ ಪ್ರೊಸೆಸರ್‌ಗಳು, ಥ್ರೆಡ್‌ಗಳು. ಉದಾಹರಣೆಗೆ 4, 8, ಮತ್ತು ಮೂರನೆಯದು ಸಾವಿರಗಳಲ್ಲಿ.

ಮೊದಲು ಆ ಸಾವಿರಗಳನ್ನು ನೋಡೋಣ. ಇವು ಚಾಲನೆಯಲ್ಲಿರುವ ಎಲ್ಲ ತಂತ್ರಾಂಶಗಳ ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು. ಬಹುಪಾಲು ನಿದ್ದೆಯಲ್ಲಿರುತ್ತವೆ. ಎಚ್ಚರವಿರುವವುಗಳಿಗೆ ಕಾರ್ಯಾಚರಣೆ ವ್ಯವಸ್ಥೆ (ಇಲ್ಲಿ ವಿಂಡೋಸ್) ಸರದಿ ಹಂಚುತ್ತದೆ. ಒಂದರ ಅವಧಿ ಮುಗಿದಾಗ ಅದರ ರಿಜಿಸ್ಟರ್‌ಗಳಲ್ಲಿ (ಕೋರ್‌ನೊಳಗಿನ ಪುಟ್ಟ ತಾತ್ಕಾಲಿಕ ಜಾಗಗಳಲ್ಲಿ) ಇರುವುದನ್ನು ಮೆಮೊರಿಗೆ ಬರೆದಿಟ್ಟು, ಮತ್ತೊಂದರದ್ದನ್ನು ತುಂಬಿಕೊಳ್ಳುತ್ತದೆ. ಇದು ಸೆಕೆಂಡಿಗೆ ಸಾವಿರಾರು ಬಾರಿ ನಡೆಯುವುದರಿಂದ ಎಲ್ಲವೂ ಏಕಕಾಲಕ್ಕೆ ಓಡುತ್ತಿರುವಂತೆ ನಮಗೆ ತೋರುತ್ತದೆ.

ನಡುವಿನ ಸಂಖ್ಯೆಯೇ, ಅಂದರೆ ಲಾಜಿಕಲ್ ಪ್ರೊಸೆಸರ್‌ಗಳದ್ದೇ, ಗ್ರಾಹಕರ ದಾರಿ ತಪ್ಪಿಸುವುದು. ಅಂಗಡಿಯ ಚೀಟಿಯಲ್ಲಿ ‘ಎಂಟು ಥ್ರೆಡ್’ ಎನ್ನುವುದು ಇದನ್ನೇ; ನಾಲ್ಕು ಕೋರ್‌ಗೆ ಎಂಟು ಥ್ರೆಡ್ ಎಂದರೆ ದುಪ್ಪಟ್ಟು ವೇಗ ಎಂದುಕೊಳ್ಳುವವರಿದ್ದಾರೆ. 4 ಗಿಗಾಹರ್ಟ್ಸ್ ವೇಗದ ಕೋರ್ ಒಂದು ದತ್ತಾಂಶಕ್ಕಾಗಿ ಮುಖ್ಯ ಮೆಮೊರಿಯವರೆಗೆ ಹೋಗಬೇಕಾದರೆ ಸುಮಾರು 100 ನ್ಯಾನೊಸೆಕೆಂಡ್ ಬೇಕು. ಅಂದರೆ 400 ಗಡಿಯಾರ ಬಡಿತಗಳು ವ್ಯರ್ಥ. ಈ ಬಿಡುವನ್ನು ಬಳಸಿಕೊಳ್ಳಲು ಒಂದೇ ಕೋರ್‌ಗೆ ಎರಡು ಥ್ರೆಡ್‌ಗಳ ರಿಜಿಸ್ಟರ್ ಸ್ಥಿತಿಯನ್ನು ಹಿಡಿದಿಡುವ ವ್ಯವಸ್ಥೆ ಕೊಡುತ್ತಾರೆ. ಕೂಡಿಸುವ, ಗುಣಿಸುವ ಘಟಕಗಳೂ ಕೋರ್‌ಗೆ ಹತ್ತಿರದ ವೇಗದ ಕ್ಯಾಶ್ ಮೆಮೊರಿಯೂ ಮಾತ್ರ ಎರಡು ಥ್ರೆಡ್‌ಗಳಿಗೂ ಸೇರಿ ಒಂದೇ ಸೆಟ್. ಒಂದೇ ಅಡುಗೆಮನೆಯಲ್ಲಿ ಇಬ್ಬರು ಭಟ್ಟರಿದ್ದಂತೆ: ಒಬ್ಬರ ಬೇಳೆ ಬೇಯುವಷ್ಟರಲ್ಲಿ ಇನ್ನೊಬ್ಬರು ಒಗ್ಗರಣೆ ಹಾಕಬಹುದು, ಇಬ್ಬರಿಗೂ ಗ್ರೈಂಡರ್ ಬೇಕಾದರೆ ಒಬ್ಬರು ಕಾಯಲೇಬೇಕು.

2002ರಲ್ಲಿ ಇದನ್ನು ‘ಹೈಪರ್ ಥ್ರೆಡಿಂಗ್’ ಹೆಸರಿನಲ್ಲಿ ತಂದ ಇಂಟೆಲ್, ಚಿಪ್ಪಿನ ಗಾತ್ರ ಶೇ 5ರಷ್ಟೂ ಹೆಚ್ಚದೆ, ಕೆಲವು ಕೆಲಸಗಳಲ್ಲಿ ವೇಗ ಶೇ 30ರವರೆಗೆ ಏರುತ್ತದೆ ಎಂದಿತ್ತು. ಮಾರುವವರೇ ಶೇ 30 ಎನ್ನುವಾಗ ಕೊಳ್ಳುವವರು ದುಪ್ಪಟ್ಟು ಎಂದುಕೊಳ್ಳುವುದೇಕೆ?

ಅನುಮಾನವಿದ್ದರೆ ಸ್ವತಃ ಅಳೆಯಿರಿ. ಉಚಿತವಾಗಿ ಸಿಗುವ ಸೆವೆನ್ ಜಿಪ್ ತಂತ್ರಾಂಶದ ‘ಟೂಲ್ಸ್’ ಪಟ್ಟಿಯಲ್ಲಿ ‘ಬೆಂಚ್‌ಮಾರ್ಕ್’ ಇದೆ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ನಾಲ್ಕು ಕೋರ್, ಎಂಟು ಥ್ರೆಡ್‌ನ ಯಂತ್ರದಲ್ಲಿ ಥ್ರೆಡ್ ಸಂಖ್ಯೆಯನ್ನು ಮೊದಲು 1, ನಂತರ 4, ಕೊನೆಗೆ 8 ಮಾಡಿ ಒಟ್ಟು ಅಂಕ ಬರೆದುಕೊಳ್ಳಿ. ಒಂದರಿಂದ ನಾಲ್ಕಕ್ಕೆ ಬಂದಾಗಿನ ಜಿಗಿತ ದೊಡ್ಡದು, ಅಲ್ಲಿ ನಿಜವಾದ ಕೋರ್‌ಗಳು ಸೇರಿಕೊಂಡಿವೆ. ನಾಲ್ಕರಿಂದ ಎಂಟಕ್ಕೆ ಅಂಕ ಏರಿದರೂ ದುಪ್ಪಟ್ಟಾಗುವುದಿಲ್ಲ. ಚಿಪ್ ಬಿಸಿಯಾದರೆ ವೇಗ ತಗ್ಗುತ್ತದೆ, ಆದ್ದರಿಂದ ಪ್ರತಿ ಅಳತೆಯ ನಡುವೆ ಸ್ವಲ್ಪ ಬಿಡುವು ಕೊಡಿ.

ಕೋರ್‌ಗಳಿಗಿಂತ ಥ್ರೆಡ್‌ಗಳು ಸರಿಯಾಗಿ ಎರಡರಷ್ಟೇ ಇರಬೇಕೆಂದೇನೂ ಇಲ್ಲ. ಇಂಟೆಲ್‌ನ ಐ7-12700ರಲ್ಲಿ 12 ಕೋರ್, 20 ಥ್ರೆಡ್. ಎಂಟು ದೊಡ್ಡ ಕೋರ್‌ಗಳು ತಲಾ ಎರಡು ಥ್ರೆಡ್ ನಡೆಸುತ್ತವೆ, ವಿದ್ಯುತ್ ಉಳಿಸುವ ನಾಲ್ಕು ಚಿಕ್ಕವು ತಲಾ ಒಂದೇ. ಆಪಲ್‌ನ ಎಂ1ರಲ್ಲಿ ಈ ಏರ್ಪಾಡು ಇರಲೇ ಇಲ್ಲ; 2024ರಲ್ಲಿ ಇಂಟೆಲ್ ಕೂಡ ಲೂನಾರ್ ಲೇಕ್ ಚಿಪ್‌ಗಳಿಂದ ಅದನ್ನು ಕೈಬಿಟ್ಟಿತು. ಹಾಗಾಗಿ ಅಂಗಡಿಯಲ್ಲಿ ಎಂಟು ಕೋರ್, ಎಂಟು ಥ್ರೆಡ್ ಎಂಬ ಚೀಟಿ ಕಂಡರೆ ಹಳೆಯ ಮಾಲು ಎಂದು ಪಕ್ಕಕ್ಕಿಡಬೇಡಿ.